ಬುಧವಾರ ನಿಜಕ್ಕೂ ಖಾಲಿಯೇ? ಟು-ಡೂ ಆ್ಯಪ್‌ನಲ್ಲಿ ಮುಂದಿನ ಹೊರೆ ಕಾಣುವುದು ಹೇಗೆ

ಸೋಮವಾರ ಬೆಳಗ್ಗೆ ಟು-ಡೂ ಆ್ಯಪ್ ತೆರೆಯುತ್ತೀರಿ. ಇವತ್ತಿನ ಪಟ್ಟಿಯಲ್ಲಿ ಏನೂ ಇಲ್ಲ. ನಾಳೆಗೆ ಒಂದೇ ಒಂದು ಕೆಲಸ. ನಾಡಿದ್ದು ಬುಧವಾರ ಪೂರ್ತಿ ಖಾಲಿ. ಸದ್ಯ, ಈ ವಾರ ಹಗುರ ಅಂದುಕೊಂಡು, ಯಾರೋ ಕೇಳಿದ ಇನ್ನೊಂದು ಕೆಲಸಕ್ಕೂ 'ಆಗಲಿ, ಮಾಡಿಕೊಡ್ತೀನಿ' ಅಂದುಬಿಡುತ್ತೀರಿ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಅದೇ ಆ್ಯಪ್ ಕೆಂಪು ಕೆಂಪಾಗಿ ಉರಿಯುತ್ತಿರುತ್ತದೆ.

ಇದರಲ್ಲಿ ಸೋಜಿಗವೆಂದರೆ, ಗುರುವಾರ ಹೊಸದಾಗಿ ಏನೂ ಬಂದಿರಲಿಲ್ಲ. ಎಲ್ಲ ಕೆಲಸಗಳೂ ಸೋಮವಾರವೇ ಆ್ಯಪ್‌ನೊಳಗೆ ಇದ್ದವು, ತಾರೀಕಿನ ಸಮೇತ. ಕಣ್ಣಿಗೆ ಬೀಳುವ ಹಾಗೆ ಇರಲಿಲ್ಲ, ಅಷ್ಟೇ.

ಈ ತೊಂದರೆ ಆ್ಯಪ್ ಮಾಡುವವರಿಗೂ ಗೊತ್ತಿದೆ. ಆಮ್ನಿಫೋಕಸ್‌ನಲ್ಲಿ 'ಫೋರ್‌ಕ್ಯಾಸ್ಟ್' ಎಂಬ ನೋಟವಿದೆ. ಥಿಂಗ್ಸ್ ಮತ್ತು ಟುಡುಯಿಸ್ಟ್‌ಗಳಲ್ಲಿ 'ಅಪ್‌ಕಮಿಂಗ್' ಇದೆ. ಮೈಕ್ರೋಸಾಫ್ಟ್ ಟು ಡೂನಲ್ಲಿ 'ಪ್ಲಾನ್ಡ್' ಇದೆ. ಹೆಸರು ಬೇರೆ ಬೇರೆಯಾದರೂ ಉದ್ದೇಶ ಒಂದೇ: ಮುಂದೆ ಬರುವ ಕೆಲಸಗಳನ್ನು ದಿನದ ಲೆಕ್ಕದಲ್ಲಿ ಜೋಡಿಸಿ ತೋರಿಸುವುದು. ಆದರೆ ಜೋಡಿಸುವುದು ಬೇರೆ, ಹೊರೆ ತೋರಿಸುವುದು ಬೇರೆ. ಆ ವ್ಯತ್ಯಾಸ ಎಲ್ಲಿದೆ, ಆ್ಯಪ್ ಬಿಡಿಸುವ ಚಿತ್ರವನ್ನು ಎಷ್ಟು ನಂಬಬಹುದು ಅನ್ನುವುದನ್ನು ಬುಡದಿಂದ ನೋಡೋಣ.

ಪಟ್ಟಿ ಎಣಿಸುತ್ತದೆ, ತೂಗುವುದಿಲ್ಲ

ಕೆಲಸದ ಪಟ್ಟಿ ಇರುವುದು ಮರೆವಿಗೆ ಮದ್ದಾಗಿ. ಬರೆದಿಟ್ಟರೆ ಮರೆಯುವುದಿಲ್ಲ, ಮುಗಿದದ್ದಕ್ಕೆ ಗೆರೆ ಎಳೆಯಬಹುದು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಪಟ್ಟಿಯಲ್ಲಿ ಎಲ್ಲ ಸಾಲುಗಳೂ ಒಂದೇ ಎತ್ತರ. 'ಬಿಲ್ ಕಟ್ಟು' ಅನ್ನುವ ಸಾಲು, 'ವರದಿ ಬರೆ' ಅನ್ನುವ ಸಾಲು, ಪರದೆಯ ಮೇಲೆ ಎರಡೂ ಅವಳಿ ಜವಳಿ. ಮೊದಲನೆಯದು ಮೂರು ನಿಮಿಷದ ಮಾತು. ಎರಡನೆಯದು ಆರು ಗಂಟೆ ತಿನ್ನುತ್ತದೆ.

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ತೂಕದ ಮೇಲೆ ಇಡುತ್ತಾರೆಯೇ ಹೊರತು ಒಳಗೆ ಎಷ್ಟು ಬಟ್ಟೆ, ಎಷ್ಟು ಪುಸ್ತಕ ಎಂದು ಎಣಿಸುವುದಿಲ್ಲ. ಬಹುಪಾಲು ಟು-ಡೂ ಆ್ಯಪ್‌ಗಳು ಮಾಡುವುದು ಇದಕ್ಕೆ ತದ್ವಿರುದ್ಧ. ದಿನದ ಪಕ್ಕದಲ್ಲಿ '5' ಎಂಬ ಅಂಕಿ ಕಂಡರೆ ಅದು ಐದು ಕೆಲಸ, ಐದು ಗಂಟೆಯಲ್ಲ.

ಹಾಗಂತ ಎಣಿಕೆ ಯಾವಾಗಲೂ ದಂಡವೇನಲ್ಲ. ಭಾಷೆ ಕಲಿಯುವವರು, ಪರೀಕ್ಷೆಗೆ ಓದುವವರು ಬಳಸುವ ಆಂಕಿ ಎಂಬ ಆ್ಯಪ್ ಇದೆ. (ಹೆಸರು ನಮ್ಮ 'ಅಂಕಿ'ಯ ಹಾಗೆ ಕೇಳಿಸಿದರೂ ಅದು ಜಪಾನಿ ಪದ; ಬಾಯಿಪಾಠ ಎಂದರ್ಥ.) ಅದರಲ್ಲಿ ಪ್ರಶ್ನೋತ್ತರದ ಕಾರ್ಡುಗಳಿರುತ್ತವೆ. ಪ್ರತಿ ಕಾರ್ಡಿಗೂ 'ಮತ್ತೆ ಯಾವ ದಿನ ಕೇಳಬೇಕು' ಎಂಬ ತಾರೀಕು ಇರುತ್ತದೆ. ಮುಂದಿನ ದಿನಗಳಲ್ಲಿ ಯಾವತ್ತು ಎಷ್ಟು ಕಾರ್ಡು ಬರಲಿದೆ ಎಂಬುದನ್ನು ಅದು ಕಂಬಗಳ ಗ್ರಾಫ್ ಆಗಿ ಬಿಡಿಸಿ ತೋರಿಸುತ್ತದೆ. ಅಲ್ಲಿ ಎಣಿಕೆ ಸಾಕಾಗುತ್ತದೆ, ಏಕೆಂದರೆ ಒಂದು ಕಾರ್ಡಿಗೂ ಇನ್ನೊಂದಕ್ಕೂ ಕೆಲವೇ ಸೆಕೆಂಡುಗಳ ವ್ಯತ್ಯಾಸ. ನೂರು ಕಾರ್ಡು ಅಂದರೆ ಎಷ್ಟು ಹೊತ್ತು ಎಂಬುದು ಬಳಸುವವರಿಗೆ ಒಂದು ವಾರದಲ್ಲೇ ರೂಢಿಯಾಗುತ್ತದೆ. ಕೆಲಸಗಳು ಒಂದೇ ಅಚ್ಚಿನವಾದರೆ ಎಣಿಸಿದರೆ ಸಾಕು. ನಮ್ಮ ನಿಮ್ಮ ಪಟ್ಟಿಗಳು ಹಾಗಿರುವುದಿಲ್ಲ.

ಬೇಕಾದದ್ದು ಮೂರು ಮಾಹಿತಿ

ಮುಂದಿನ ಹೊರೆಯ ಚಿತ್ರ ಬಿಡಿಸಲು ಆ್ಯಪ್‌ಗೆ ಮೂರು ವಿಷಯ ಗೊತ್ತಿರಬೇಕು. ಕೆಲಸ ಯಾವಾಗ, ಕೆಲಸ ಎಷ್ಟು ದೊಡ್ಡದು, ಮತ್ತು ದಿನಕ್ಕೆ ನಿಮ್ಮ ಕೈಗೆ ಎಷ್ಟು ಹೊತ್ತು ಸಿಗುತ್ತದೆ.

'ಯಾವಾಗ' ಎಂಬುದು ಮೇಲ್ನೋಟಕ್ಕೆ ಸಲೀಸು. ಗೋಜಲು ಇರುವುದೂ ಅಲ್ಲೇ. ತಾರೀಕು ಎಂದಾಗ ನಾವು ಎರಡು ಬೇರೆ ಸಂಗತಿಗಳನ್ನು ಒಂದೇ ಪದದಲ್ಲಿ ಹೇಳುತ್ತಿರುತ್ತೇವೆ. ಒಂದು, ಗಡುವು: ಈ ದಿನದೊಳಗೆ ಮುಗಿಯಲೇಬೇಕು. ಇನ್ನೊಂದು, ಕೈ ಹಾಕುವ ದಿನ: ಈ ದಿನ ಇದನ್ನು ಮಾಡಬೇಕೆಂದಿದ್ದೇನೆ. ಪುಸ್ತಕವನ್ನು 20ನೇ ತಾರೀಕಿನೊಳಗೆ ಗ್ರಂಥಾಲಯಕ್ಕೆ ಹಿಂದಿರುಗಿಸಬೇಕು ಅನ್ನುವುದು ಗಡುವು. ಶನಿವಾರ ಆ ಕಡೆ ಹೋಗುವಾಗ ಕೊಟ್ಟು ಬರುತ್ತೇನೆ ಅನ್ನುವುದು ಕೈ ಹಾಕುವ ದಿನ. ಥಿಂಗ್ಸ್ ಆ್ಯಪ್ ಈ ಎರಡನ್ನೂ ಬೇರೆ ಬೇರೆ ಇಟ್ಟಿದೆ. ಈಮ್ಯಾಕ್ಸ್ ಎಂಬ ಪಠ್ಯ ಬರೆಯುವ ತಂತ್ರಾಂಶ ಬಳಸುವವರಿಗೆ ಪರಿಚಿತವಾದ ಆರ್ಗ್ ಮೋಡ್‌ನಲ್ಲೂ 'ಶೆಡ್ಯೂಲ್ಡ್' ಮತ್ತು 'ಡೆಡ್‌ಲೈನ್' ಎಂಬ ಎರಡು ಗುರುತುಗಳಿವೆ. ಗಡುವಿರುವ ಕೆಲಸ ಅಲ್ಲಿ 14 ದಿನ ಮುಂಚೆಯೇ ದಿನಚರಿಯಲ್ಲಿ ತಲೆ ಹಾಕತೊಡಗುತ್ತದೆ. ಇದಲ್ಲದೆ ಮೂರನೆಯ ತಾರೀಕೂ ಒಂದುಂಟು: ಇದಕ್ಕಿಂತ ಮುಂಚೆ ಶುರು ಮಾಡಲು ಸಾಧ್ಯವೇ ಇಲ್ಲ ಎನ್ನುವ ದಿನ. ಆಮ್ನಿಫೋಕಸ್‌ನಲ್ಲಿ ಅದಕ್ಕೆ 'ಡಿಫರ್' ಎನ್ನುತ್ತಾರೆ.

ಒಂದೇ ತಾರೀಕಿನ ಜಾಗವಿರುವ ಆ್ಯಪ್‌ನಲ್ಲಿ ಕೆಲವು ಕೆಲಸಕ್ಕೆ ಗಡುವು, ಕೆಲವಕ್ಕೆ ಮಾಡಬೇಕೆಂದುಕೊಂಡ ದಿನ, ಎರಡನ್ನೂ ಕಲಸಿ ತುಂಬಿರುತ್ತೇವೆ. ಅಲ್ಲಿಂದ ಹುಟ್ಟುವ ಗ್ರಾಫ್ ಯಾವುದರ ಗ್ರಾಫ್ ಎಂದು ಬಿಡಿಸಿದ ಆ್ಯಪ್‌ಗೂ ಗೊತ್ತಿರುವುದಿಲ್ಲ.

ಎರಡನೆಯದು, ಗಾತ್ರ. ಅಂದರೆ ಅಂದಾಜು ಎಷ್ಟು ಗಂಟೆ. ಇದನ್ನು ಕೇಳದ ಆ್ಯಪ್‌ಗಳೇ ಜಾಸ್ತಿ. ತಮಾಷೆಯೆಂದರೆ, ಕ್ಯಾಲೆಂಡರ್ ಆ್ಯಪ್‌ಗಳು ತಮ್ಮತಮ್ಮಲ್ಲಿ ಮಾಹಿತಿ ಹಂಚಿಕೊಳ್ಳಲು ಬಳಸುವ ಐಕ್ಯಾಲೆಂಡರ್ ಎಂಬ ಮಾನದಂಡದ 2009ರ ಆವೃತ್ತಿಯಲ್ಲಿ ಕೆಲಸಕ್ಕೆಂದೇ ಒಂದು ನಮೂನೆ ಇದೆ. ಅದರಲ್ಲಿ ಶುರುವಿನ ದಿನ, ಗಡುವು, ಅವಧಿ ಮೂರಕ್ಕೂ ಜಾಗವಿದೆ. ಆದರೆ ಒಂದು ಕೆಲಸಕ್ಕೆ ಗಡುವು ಬರೆದರೆ ಅವಧಿ ಬರೆಯುವಂತಿಲ್ಲ, ಅವಧಿ ಬರೆದರೆ ಗಡುವು ಬರೆಯುವಂತಿಲ್ಲ. ಅಲ್ಲಿ ಅವಧಿ ಎಂದರೆ ಶುರುವಿನಿಂದ ಕೊನೆಯವರೆಗಿನ ಅಂತರ. 'ಗುರುವಾರದೊಳಗೆ ಮುಗಿಯಬೇಕಾದ, ಆರು ಗಂಟೆ ಹಿಡಿಯುವ ಕೆಲಸ' ಎಂಬ ದಿನನಿತ್ಯದ ಮಾತಿಗೆ ಆ ನಮೂನೆಯಲ್ಲಿ ನೇರವಾದ ಜಾಗವಿಲ್ಲ.

ಮೂರನೆಯದು, ಕೈಗೆ ಸಿಗುವ ಸಮಯ. ಇದಕ್ಕೆ ಕೊನೆಯಲ್ಲಿ ಬರೋಣ; ಅದರಲ್ಲಿ ಒಂದು ಲೆಕ್ಕದ ಚಮತ್ಕಾರ ಇದೆ.

ಭಾರವನ್ನು ಯಾವ ದಿನದ ಮೇಲೆ ಹೇರುವುದು?

ಈಗ ಆರಂಭದ ಸೋಮವಾರಕ್ಕೆ ಮರಳೋಣ. ಪಟ್ಟಿಯಲ್ಲಿ ನಾಲ್ಕು ಕೆಲಸಗಳಿವೆ ಎಂದುಕೊಳ್ಳಿ. ಪತ್ರ ಬರೆಯುವುದು, 1 ಗಂಟೆ, ಗಡುವು ಮಂಗಳವಾರ. ವರದಿ, 6 ಗಂಟೆ, ಗಡುವು ಗುರುವಾರ. ಸ್ಲೈಡುಗಳು, 4 ಗಂಟೆ, ಶುಕ್ರವಾರ. ಲೆಕ್ಕಪತ್ರ ತಾಳೆ ನೋಡುವುದು, 3 ಗಂಟೆ, ಅದೂ ಶುಕ್ರವಾರವೇ. ಮೀಟಿಂಗು, ಫೋನು, ಊಟ ತಿಂಡಿ ಎಲ್ಲ ಕಳೆದು ದಿನಕ್ಕೆ ನಿಮಗೆ 3 ಗಂಟೆ ಸಿಗುತ್ತದೆ.

ಬಹುತೇಕ ಆ್ಯಪ್‌ಗಳು ಮಾಡುವಂತೆ ಪ್ರತಿ ಕೆಲಸದ ಭಾರವನ್ನೂ ಅದರ ಗಡುವಿನ ದಿನದ ಮೇಲೆ ಇಟ್ಟರೆ ಚಿತ್ರ ಹೀಗಿರುತ್ತದೆ. ಒಂದು ಚೌಕ ಅಂದರೆ ಒಂದು ಗಂಟೆ.

ಸೋಮ –
ಮಂಗಳ ■
ಬುಧ –
ಗುರು ■■■■■■
ಶುಕ್ರ ■■■■■■■

ಇದನ್ನು ನೋಡಿದವರಿಗೆ ಎರಡು ವಿಷಯ ಅನಿಸುತ್ತದೆ: ವಾರದ ಮೊದಲ ಮೂರು ದಿನ ಆರಾಮ, ಗುರುವಾರ, ಶುಕ್ರವಾರ ಅಸಾಧ್ಯ. ಎರಡೂ ತಪ್ಪು. ವರದಿಯನ್ನು ಗುರುವಾರ ಕೊಡಬೇಕು ನಿಜ, ಬರೆಯಬೇಕಾದದ್ದು ಅದಕ್ಕೂ ಮುಂಚೆ. ಗಡುವಿನ ದಿನ ಎಂಬುದು ಕೆಲಸ ಮುಗಿಯುವ ದಿನವೇ ಹೊರತು ಕೆಲಸ ನಡೆಯುವ ದಿನವಲ್ಲ. ಭಾರವನ್ನು ಅಲ್ಲಿ ಹೇರಿದರೆ ಮುಂಚಿನ ದಿನಗಳು ಸುಳ್ಳುಸುಳ್ಳೇ ಖಾಲಿ ಕಾಣುತ್ತವೆ.

ಹಾಗಾದರೆ ಭಾರವನ್ನು ಇವತ್ತಿನಿಂದ ಗಡುವಿನವರೆಗೆ ಸಮನಾಗಿ ಹರಡಿದರೆ? ವರದಿಯ 6 ಗಂಟೆ ನಾಲ್ಕು ದಿನಕ್ಕೆ ಹಂಚಿ ದಿನಕ್ಕೆ ಒಂದೂವರೆ, ಪತ್ರದ 1 ಗಂಟೆ ಎರಡು ದಿನಕ್ಕೆ ಅರ್ಧರ್ಧ, ಹೀಗೆ. ಕೂಡಿಸಿದರೆ ಸೋಮವಾರ 3.4 ಗಂಟೆ, ಮಂಗಳವಾರ 3.4, ಬುಧ ಮತ್ತು ಗುರುವಾರ 2.9, ಶುಕ್ರವಾರ 1.4. ಈಗ ಚಿತ್ರ ವಾಸ್ತವಕ್ಕೆ ಹತ್ತಿರ ಬಂತು, ಬುಧವಾರ ಖಾಲಿಯಿಲ್ಲ ಎಂಬುದಾದರೂ ಕಂಡಿತು. ಆದರೆ ಮೊದಲ ಎರಡು ದಿನ 3 ಗಂಟೆಯ ಮಿತಿ ದಾಟಿ ಕೆಂಪಾಗುತ್ತವೆ, ಶುಕ್ರವಾರ ಅರ್ಧಕ್ಕಿಂತ ಹೆಚ್ಚು ಬಿಡುವು ಇದ್ದರೂ. ಇದು ಸುಳ್ಳು ಗಾಬರಿ.

ಮೂರನೆಯ ದಾರಿ ನನಗೆ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ಕೊನೆಯಿಂದ ಹಿಂದಕ್ಕೆ ತುಂಬುತ್ತಾ ಬರುವುದು. ಶುಕ್ರವಾರದ ಗಡುವಿನ ಒಟ್ಟು 7 ಗಂಟೆಯಲ್ಲಿ 3 ಗಂಟೆಯನ್ನು ಶುಕ್ರವಾರಕ್ಕೆ ಹಾಕಿ. ಅದಕ್ಕಿಂತ ಹೆಚ್ಚು ಅಲ್ಲಿ ಹಿಡಿಯುವುದಿಲ್ಲ. ಉಳಿದದ್ದನ್ನು ಗುರುವಾರಕ್ಕೆ ತಳ್ಳಿ, ಅಲ್ಲಿ ಗುರುವಾರದ ವರದಿಯೂ ಕಾದು ಕೂತಿದೆ. ಅಲ್ಲಿಯೂ 3 ಗಂಟೆ ತುಂಬಿ, ಮಿಕ್ಕಿದ್ದನ್ನು ಬುಧವಾರಕ್ಕೆ ತಳ್ಳಿ. ಹೀಗೆ ಬಂದರೆ ಮಂಗಳವಾರವೂ ತುಂಬಿ, ಸೋಮವಾರಕ್ಕೆ 2 ಗಂಟೆ ಬಂದು ಬೀಳುತ್ತದೆ.

ಸೋಮ ■■
ಮಂಗಳ ■■■
ಬುಧ ■■■
ಗುರು ■■■
ಶುಕ್ರ ■■■

ಅಂದರೆ, ಎಷ್ಟೇ ಮುಂದೂಡಿದರೂ ಇವತ್ತು ಎರಡು ಗಂಟೆ ಕೂರಲೇಬೇಕು. 'ಇವತ್ತು ಏನೂ ಇಲ್ಲ' ಎಂದು ಆ್ಯಪ್ ತೋರಿಸಿದ ಸೋಮವಾರದ ನಿಜ ಸ್ಥಿತಿ ಇದು. ಇಡೀ ವಾರಕ್ಕೆ ಇರುವ ಬಿಡುವು ಒಂದೇ ಒಂದು ಗಂಟೆ.

ಎರಡು ಗೆರೆಗಳ ಲೆಕ್ಕ

ಇದನ್ನೇ ಇನ್ನೂ ಸರಳವಾಗಿ ನೋಡುವ ಬಗೆಯಿದೆ. ಪ್ರತಿ ದಿನಕ್ಕೂ ಎರಡು ಅಂಕಿ ಬರೆಯಿರಿ: ಆ ದಿನದೊಳಗೆ ಮುಗಿಯಬೇಕಾದ ಒಟ್ಟು ಗಂಟೆ, ಮತ್ತು ಇವತ್ತಿನಿಂದ ಆ ದಿನದವರೆಗೆ ಕೈಗೆ ಸಿಗುವ ಒಟ್ಟು ಗಂಟೆ. ಗ್ರಾಫ್ ಆಗಿ ಬಿಡಿಸಿದರೆ ಇವೇ ಆ ಎರಡು ಗೆರೆಗಳು.

ಮಂಗಳವಾರದೊಳಗೆ: ಬೇಕು 1, ಸಿಗುತ್ತದೆ 6
ಬುಧವಾರದೊಳಗೆ: ಬೇಕು 1, ಸಿಗುತ್ತದೆ 9
ಗುರುವಾರದೊಳಗೆ: ಬೇಕು 7, ಸಿಗುತ್ತದೆ 12
ಶುಕ್ರವಾರದೊಳಗೆ: ಬೇಕು 14, ಸಿಗುತ್ತದೆ 15

'ಬೇಕು' ಎಲ್ಲಿಯೂ 'ಸಿಗುತ್ತದೆ'ಯನ್ನು ದಾಟಿಲ್ಲ. ವಾರ ಬಿಗಿಯಾಗಿದೆ, ಆದರೆ ದಾಟಬಹುದು.

ಈಗ ಸೋಮವಾರ ಹನ್ನೊಂದು ಗಂಟೆಗೆ ಒಂದು ಮೇಲ್ ಬರುತ್ತದೆ: ಬುಧವಾರ ಇಡೀ ದಿನ ತರಬೇತಿ, ಎಲ್ಲರೂ ಕಡ್ಡಾಯವಾಗಿ ಬರಬೇಕು. ಗಡುವಿನ ಗ್ರಾಫ್ ನೋಡಿದವರು 'ಬುಧವಾರ ಹೇಗೂ ಖಾಲಿ ಇತ್ತಲ್ಲ' ಅಂದುಕೊಂಡು ಸುಮ್ಮನಾಗುತ್ತಾರೆ. ಎರಡು ಗೆರೆಯ ಲೆಕ್ಕದಲ್ಲಿ ಗುರುವಾರದ ಸಾಲು 7ಕ್ಕೆ 9 ಆಗುತ್ತದೆ, ಶುಕ್ರವಾರದ ಸಾಲು 14ಕ್ಕೆ 12. ಎರಡು ಗಂಟೆ ಕಡಿಮೆ ಬಿತ್ತು. ಶುಕ್ರವಾರ ಏನೋ ಒಂದು ತಪ್ಪುತ್ತದೆ ಎಂಬುದು ಸೋಮವಾರವೇ ಗೊತ್ತಾಯಿತು. 'ಸ್ಲೈಡುಗಳನ್ನು ಮುಂದಿನ ಸೋಮವಾರ ಕೊಡಲೇ?' ಎಂದು ಕೇಳಲು ಈಗ ನಾಲ್ಕು ದಿನ ಸಮಯವಿದೆ. ಒಪ್ಪಿದರೆ ಶುಕ್ರವಾರದ ಸಾಲು 10ಕ್ಕೆ 12 ಆಗಿ ಮತ್ತೆ ಉಸಿರಾಡುತ್ತದೆ. ಅದೇ ಪ್ರಶ್ನೆಯನ್ನು ಶುಕ್ರವಾರ ಮಧ್ಯಾಹ್ನ ಕೇಳಿದರೆ ಬರುವ ಉತ್ತರ ಬೇರೆ.

ಕೆಲಸಗಳ ಕ್ರಮ ಬದಲಿಸಿದರೆ ಈ ಎರಡು ಗಂಟೆ ಉಳಿಯಬಹುದೇ? ಉಳಿಯುವುದಿಲ್ಲ. ಗಡುವು ಹತ್ತಿರವಿರುವುದನ್ನು ಮೊದಲು ಮುಗಿಸುತ್ತಾ ಹೋದರೆ, ಅತಿ ಹೆಚ್ಚು ತಡವಾಗುವ ಕೆಲಸದ ತಡ ಆದಷ್ಟೂ ಕಡಿಮೆಯಾಗುತ್ತದೆ ಎಂದು ಜೆ. ಆರ್. ಜಾಕ್ಸನ್ ಎಂಬ ಸಂಶೋಧಕರು 1955ರಲ್ಲೇ ತೋರಿಸಿದ್ದರು. ಅವರು ಯೋಚಿಸುತ್ತಿದ್ದದ್ದು ಒಂದು ಯಂತ್ರದ ಮುಂದೆ ಸಾಲು ನಿಂತ ಕೆಲಸಗಳ ಬಗ್ಗೆ. ಯಂತ್ರದ ಜಾಗದಲ್ಲಿ ನಿಮ್ಮನ್ನೇ ಇಟ್ಟುಕೊಳ್ಳಬಹುದು. ಆ ಕ್ರಮದಲ್ಲೂ ಹಿಡಿಯದಿದ್ದರೆ ಬೇರೆ ಯಾವ ಕ್ರಮದಲ್ಲೂ ಹಿಡಿಯುವುದಿಲ್ಲ.

ಇದಕ್ಕೊಂದು ಷರತ್ತಿದೆ. ಎಲ್ಲ ಕೆಲಸವನ್ನೂ ಇವತ್ತೇ ಶುರು ಮಾಡಬಹುದಾಗಿದ್ದರೆ ಮಾತ್ರ ಈ ಸರಳ ಲೆಕ್ಕ ಸಾಕು. ಲೆಕ್ಕಪತ್ರದ ಅಂಕಿಅಂಶಗಳು ನಿಮ್ಮ ಕೈಗೆ ಬರುವುದೇ ಶುಕ್ರವಾರ ಬೆಳಗ್ಗೆ ಎಂದಾದರೆ ಆ 3 ಗಂಟೆ ಶುಕ್ರವಾರವೇ ಆಗಬೇಕು. ಕೆಲಸ 4 ಗಂಟೆಯದ್ದಾದರೆ ಸೋಮವಾರ ಎಷ್ಟು ಬಿಡುವಿದ್ದರೂ ಪ್ರಯೋಜನವಿಲ್ಲ. 'ಇದಕ್ಕಿಂತ ಮುಂಚೆ ಆಗದು' ಎಂಬ ಆ ಮೂರನೆಯ ತಾರೀಕು ಬೇಕಾಗುವುದು ಇಲ್ಲಿಯೇ.

ಕಂಬ, ಬಣ್ಣ, ಪಟ್ಟೆ

ಲೆಕ್ಕ ಸರಿಯಾದ ಮೇಲೆ ಬಿಡಿಸುವ ಮಾತು. ಇದು ಚಿಕ್ಕ ವಿಷಯ, ಬೇಗ ಮುಗಿಸುತ್ತೇನೆ.

ದಿನಕ್ಕೊಂದು ಕಂಬ, ಅಡ್ಡಕ್ಕೆ ಒಂದು ಮಿತಿಯ ಗೆರೆ. ಒಂದೆರಡು ವಾರ ನೋಡಲು ಇದಕ್ಕಿಂತ ಒಳ್ಳೆಯದಿಲ್ಲ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ಕರಾರುವಾಕ್ಕಾಗಿ ಹೋಲಿಸುತ್ತದೆ. ವಿಸ್ತೀರ್ಣದ ವಿಷಯದಲ್ಲಿ ಅಷ್ಟು ಚುರುಕಿಲ್ಲ. ಬಣ್ಣದ ಗಾಢತೆಯಲ್ಲಿ ಇನ್ನೂ ಕಡಿಮೆ.

ತಿಂಗಳ ಕ್ಯಾಲೆಂಡರ್‌ನ ಚೌಕಗಳಿಗೆ ತೆಳು–ಗಾಢ ಬಣ್ಣ ಬಳಿಯುವುದು ಇನ್ನೊಂದು ಬಗೆ. ಪ್ರೋಗ್ರಾಮರುಗಳು ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಯಾವ ದಿನ ಎಷ್ಟು ಕೆಲಸವಾಯಿತು ಎಂದು ತೋರಿಸುವ ಹಸಿರು ಚೌಕಗಳನ್ನು ಕಂಡವರಿಗೆ ಇದು ಗೊತ್ತು. ಅದು ಹಿಂದಿನದನ್ನು ತೋರಿಸುತ್ತದೆ, ಇಲ್ಲಿ ಮುಂದಿನದು. ಎರಡು ಮೂರು ತಿಂಗಳು ಒಂದೇ ನೋಟಕ್ಕೆ ಸಿಗುತ್ತವೆ; 'ಮುಂದಿನ ತಿಂಗಳ ಮೂರನೇ ವಾರ ದಟ್ಟವಾಗಿದೆ' ಎಂದು ತಿಳಿಯಲು ಸಾಕು, 5 ಗಂಟೆಯೋ 7 ಗಂಟೆಯೋ ತಿಳಿಯಲು ಸಾಲದು. ಬಣ್ಣ ಬಳಸುವಾಗ ಕೆಂಪು–ಹಸಿರು ಜೋಡಿಯನ್ನೇ ನೆಚ್ಚಿಕೊಳ್ಳಬಾರದು, ಆ ಎರಡನ್ನು ಬೇರ್ಪಡಿಸಿ ನೋಡಲಾಗದ ಕಣ್ಣುಗಳು ಗಂಡಸರಲ್ಲಿ ಸಾಕಷ್ಟಿವೆ. ಬಣ್ಣದ ಜೊತೆ ಒಂದು ಅಂಕಿ ಇದ್ದರೆ ಯಾರಿಗೂ ತೊಂದರೆಯಿಲ್ಲ.

ಮೂರನೆಯದು ಶುರುವಿನಿಂದ ಗಡುವಿನವರೆಗೆ ಎಳೆದ ಅಡ್ಡಪಟ್ಟೆಗಳು. ಹೆನ್ರಿ ಗ್ಯಾಂಟ್ 20ನೇ ಶತಮಾನದ ಎರಡನೇ ದಶಕದಲ್ಲಿ ಜನಪ್ರಿಯಗೊಳಿಸಿದ ನಕ್ಷೆ. ಪೋಲೆಂಡಿನ ಎಂಜಿನಿಯರ್ ಕರೋಲ್ ಅದಾಮಿಯೆಟ್ಸ್ಕಿ ಅದಕ್ಕೂ ಮೊದಲೇ, 1896ರಲ್ಲಿ, ಇಂಥದ್ದನ್ನೇ ರೂಪಿಸಿದ್ದರು. ಯಾವುದರ ಮೇಲೆ ಯಾವುದು ಬೀಳುತ್ತಿದೆ ಎಂದು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ಹತ್ತು ದಿನ ಉದ್ದದ ಪಟ್ಟೆಯೊಳಗೆ ಹತ್ತು ನಿಮಿಷದ ಕೆಲಸವಿದೆಯೋ ನಲವತ್ತು ಗಂಟೆಯದ್ದೋ ಗೊತ್ತಾಗುವುದಿಲ್ಲ. ಒಬ್ಬರ ಟು-ಡೂ ಪಟ್ಟಿಗೆ ಅದು ತುಸು ದೊಡ್ಡ ಅಂಗಿ.

ಮತ್ತೆ ಮತ್ತೆ ಬರುವ ಕೆಲಸಗಳ ಮೋಸ

ನಾನೊಮ್ಮೆ ಚೆನ್ನಾಗಿ ಮೋಸ ಹೋದದ್ದು ಇದರಲ್ಲಿ. ಬಳಸುತ್ತಿದ್ದ ಆ್ಯಪ್‌ನ ಹೆಸರು ಬೇಡ. ಮುಂದಿನ ವಾರ ನೋಡಿದರೆ ತೀರಾ ತೆಳ್ಳಗೆ ಕಾಣುತ್ತಿತ್ತು, ಅದನ್ನೇ ನಂಬಿ ದೊಡ್ಡ ಕೆಲಸವೊಂದನ್ನು ಅಲ್ಲಿಗೆ ಸರಿಸಿದೆ. ಮುಂದಿನ ವಾರ ಬಂದಾಗ ದಿನಕ್ಕೆ ಒಂದು ಗಂಟೆ ತಿನ್ನುವ ಮಾಮೂಲಿ ಕೆಲಸಗಳೆಲ್ಲ ಎಲ್ಲಿಂದಲೋ ಎದ್ದು ಬಂದವು. ಆಮೇಲೆ ಗೊತ್ತಾಯಿತು: 'ಪ್ರತಿದಿನ' ಎಂದು ಗುರುತಿಸಿದ ಕೆಲಸವನ್ನು ಆ ಆ್ಯಪ್ ಒಂದೇ ಒಂದು ಸಾಲಾಗಿ ಇಟ್ಟುಕೊಳ್ಳುತ್ತದೆ. ಇವತ್ತಿನದನ್ನು ಮುಗಿಸಿದ ಮೇಲೆಯೇ ನಾಳೆಯದು ಹುಟ್ಟುತ್ತದೆ. ಹುಟ್ಟದ ಕೆಲಸವನ್ನು ಅದು ಎಣಿಸುವುದಾದರೂ ಹೇಗೆ?

ಮುಂದಿನ ಹೊರೆ ತೋರಿಸುವ ಆ್ಯಪ್ ಮರುಕಳಿಸುವ ಕೆಲಸಗಳನ್ನು ಮುಂದಕ್ಕೆ ಬಿಡಿಸಿ ಹಾಕಬೇಕು. ಅದರಲ್ಲೂ ಎರಡು ಜಾತಿ. 'ಪ್ರತಿ ಸೋಮವಾರ' ಎಂಬುದು ಕ್ಯಾಲೆಂಡರ್‌ಗೆ ಅಂಟಿಕೊಂಡದ್ದು, ಅದನ್ನು ವರ್ಷದ ಮುಂದಕ್ಕೂ ನಿಖರವಾಗಿ ಇಡಬಹುದು. 'ಮುಗಿಸಿದ ಏಳು ದಿನಕ್ಕೆ ಮತ್ತೆ' ಎಂಬುದು ನೀವು ಮುಗಿಸಿದ ದಿನಕ್ಕೆ ಅಂಟಿಕೊಂಡದ್ದು. ನೀವು ಮೂರು ದಿನ ತಡ ಮಾಡಿದರೆ ಮುಂದಿನವೆಲ್ಲ ಮೂರು ದಿನ ಜಾರುತ್ತವೆ. ಟುಡುಯಿಸ್ಟ್‌ನಲ್ಲಿ 'ಎವ್ರಿ' ಎಂದು ಬರೆದರೆ ಮೊದಲನೆಯದು, ಪಕ್ಕಕ್ಕೆ ಆಶ್ಚರ್ಯಸೂಚಕ ಚಿಹ್ನೆ ಸೇರಿಸಿದರೆ ಎರಡನೆಯದು. ಎರಡನೇ ಜಾತಿಯನ್ನು ಗ್ರಾಫ್‌ನಲ್ಲಿ ಮಸುಕಾಗಿ ತೋರಿಸುವುದು ನ್ಯಾಯ, ಅದು ಊಹೆಯಾದ್ದರಿಂದ.

ಆಂಕಿಯಲ್ಲಿ ಇದಕ್ಕೊಂದು ಜಾಣ ಉಪಾಯವಿದೆ. ಒಂದೇ ದಿನ ಕಲಿತು ಒಂದೇ ರೀತಿ ಉತ್ತರಿಸಿದ ಕಾರ್ಡುಗಳೆಲ್ಲ ಮುಂದೆಯೂ ಗುಂಪಾಗಿ ಒಂದೇ ದಿನ ಬಂದು ಬೀಳದಿರಲಿ ಎಂದು, ಅದು ಪ್ರತಿ ಕಾರ್ಡಿನ ಮುಂದಿನ ತಾರೀಕನ್ನು ಒಂದಿಷ್ಟು ಆಚೀಚೆ ಸರಿಸುತ್ತದೆ. ನಾವು ತಿಂಗಳಿಗೊಮ್ಮೆ ಮಾಡುವ ಕೆಲಸಗಳನ್ನೆಲ್ಲ 1ನೇ ತಾರೀಕಿಗೇ ಕಟ್ಟಿ, ಅವತ್ತು ತಲೆಯ ಮೇಲೆ ಕೈ ಹೊತ್ತು ಕೂರುತ್ತೇವೆ.

ದೂರದ ಬೆಟ್ಟ ಮತ್ತು ಅಂದಾಜು

ಇಷ್ಟೆಲ್ಲ ಲೆಕ್ಕದ ಕೆಳಗೆ ಒಂದು ಅಲುಗಾಡುವ ಕಲ್ಲಿದೆ: '6 ಗಂಟೆ' ಎಂದು ನೀವು ಬರೆದ ಅಂದಾಜು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುವ ಮಾತು ಮುಂದಿನ ವಾರದ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಡೇನಿಯಲ್ ಕಾನಮನ್ ಮತ್ತು ಆಮೊಸ್ ಟ್ವೆರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಇದಕ್ಕೆ ಹೆಸರೂ ಇಟ್ಟರು: 'ಪ್ಲಾನಿಂಗ್ ಫ್ಯಾಲಸಿ', ಅಂದರೆ ಯೋಜನೆ ಹಾಕುವಾಗಿನ ಭ್ರಮೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು 'ನಿಮ್ಮ ಪ್ರಬಂಧ ಮುಗಿಯಲು ಎಷ್ಟು ದಿನ?' ಎಂದು ಕೇಳಿದರು. ಸರಾಸರಿ ಅಂದಾಜು 33.9 ದಿನ. ಹಿಡಿದದ್ದು 55.5 ದಿನ. 'ಎಲ್ಲವೂ ಕೆಟ್ಟರೆ ಎಷ್ಟು?' ಎಂದೂ ಕೇಳಿದ್ದರು, ಅದಕ್ಕೆ ಬಂದ ಉತ್ತರ 48.6. ಕೆಟ್ಟ ಕನಸಿಗಿಂತಲೂ ವಾಸ್ತವ ಒಂದು ವಾರ ಉದ್ದವಿತ್ತು.

ಅದಕ್ಕೆ ಮದ್ದು, ಹಿಂದಿನ ಕೆಲಸಗಳನ್ನು ನೋಡುವುದು. ಅಂದಾಜು ಮತ್ತು ನಿಜವಾಗಿ ಹಿಡಿದ ಸಮಯ ಎರಡನ್ನೂ ಬರೆದಿಟ್ಟರೆ ಹದಿನೈದಿಪ್ಪತ್ತು ಕೆಲಸದ ನಂತರ ನಿಮ್ಮದೇ ಒಂದು ಪಟ್ಟು ಸಿಗುತ್ತದೆ. ಮೇಲಿನ ವಿದ್ಯಾರ್ಥಿಗಳದ್ದು ಸುಮಾರು 1.6 ಪಟ್ಟು. ನಿಮ್ಮದು 1.3 ಇರಬಹುದು, 2 ಇರಬಹುದು. ಆ ಪಟ್ಟನ್ನು ಆ್ಯಪ್ ತಾನೇ ಗುಣಿಸಿ ತೋರಿಸಿದರೆ ಚಿತ್ರ ಕಹಿಯಾಗುತ್ತದೆ, ನಿಜಕ್ಕೆ ಹತ್ತಿರವೂ ಆಗುತ್ತದೆ. ಅಂದಾಜು ಬರೆಯುವುದೇ ತಲೆನೋವು ಅನ್ನುವವರಿಗೆ ಚಿಕ್ಕದು, ನಡುವಿನದು, ದೊಡ್ಡದು ಎಂಬ ಮೂರು ಗುಂಡಿ ಸಾಕು. ಕಾಲು ಗಂಟೆ, ಒಂದು ಗಂಟೆ, ಅರ್ಧ ದಿನ. ಏನೂ ಬರೆಯದ ಕೆಲಸವನ್ನು ಸೊನ್ನೆ ಗಂಟೆ ಎಂದು ಎಣಿಸುವ ಆ್ಯಪ್‌ಗಿಂತ ಇದು ಎಷ್ಟೋ ವಾಸಿ.

ಮಿತಿಯ ಗೆರೆ ಎಲ್ಲಿರಬೇಕು?

ಕೈಗೆ ಸಿಗುವ ಸಮಯ ಎಷ್ಟು? ದಿನಕ್ಕೆ ಎಂಟು ಗಂಟೆ ಕೆಲಸವೆಂದು ಗೆರೆಯನ್ನು 8ಕ್ಕೆ ಎಳೆದರೆ ಅದು ಮೊದಲ ದಿನವೇ ಸುಳ್ಳಾಗುತ್ತದೆ. ಕ್ಯಾಲೆಂಡರ್‌ನಲ್ಲಿರುವ ಮೀಟಿಂಗುಗಳನ್ನು ಮೊದಲು ಕಳೆಯಬೇಕು. ಉಳಿದ ಅಷ್ಟನ್ನೂ ಪಟ್ಟಿಯ ಕೆಲಸಕ್ಕೆ ತುಂಬಬಹುದೇ?

ಲೆಕ್ಕದ ಚಮತ್ಕಾರ ಎಂದೆನಲ್ಲ, ಅದು ಇಲ್ಲಿದೆ. ಒಬ್ಬರೇ ಕೂತಿರುವ ಕೌಂಟರ್ ಒಂದನ್ನು ನೆನೆಯಿರಿ. ಜನ ಹೇಗೆಂದರೆ ಹಾಗೆ ಬರುತ್ತಾರೆ, ಒಬ್ಬೊಬ್ಬರಿಗೆ ಹಿಡಿಯುವ ಹೊತ್ತೂ ಬೇರೆ ಬೇರೆ. ಸಾಲುಗಳ ಗಣಿತದ ಅತಿ ಸರಳ ಸೂತ್ರದಂತೆ, ಕೌಂಟರಿನವರು ದಿನದ ಅರ್ಧ ಹೊತ್ತು ಮಾತ್ರ ಕೆಲಸದಲ್ಲಿದ್ದರೆ, ಬಂದವರು ಸರಾಸರಿ ಒಬ್ಬರ ಕೆಲಸದಷ್ಟು ಹೊತ್ತು ಕಾಯಬೇಕು. 80 ಶೇಕಡಾ ಹೊತ್ತು ಕೆಲಸದಲ್ಲಿದ್ದರೆ ನಾಲ್ಕು ಪಟ್ಟು. 90 ಆದರೆ ಒಂಬತ್ತು ಪಟ್ಟು. 95 ಆದರೆ ಹತ್ತೊಂಬತ್ತು. ಕೆಲಸ ಹೆಚ್ಚಿದ್ದು ಚೂರು, ಕಾಯುವಿಕೆ ಏರಿದ್ದು ಆಕಾಶಕ್ಕೆ.

ನಿಮ್ಮ ದಿನಕ್ಕೂ ಕೆಲಸಗಳು ಹೇಳದೆ ಕೇಳದೆ ಬರುತ್ತವೆ. ಬೆಳಗ್ಗೆಯೇ ದಿನವನ್ನು ಅಂಚಿನವರೆಗೆ ತುಂಬಿಟ್ಟರೆ, ಹತ್ತು ಗಂಟೆಗೆ ಬರುವ ಅರ್ಧ ಗಂಟೆಯ ಅಡಚಣೆ ಅವತ್ತಿನ ಎಲ್ಲವನ್ನೂ ಸರಿಸಿ ನಾಳೆಯನ್ನೂ ಕೆಡಿಸುತ್ತದೆ. ಅದಕ್ಕಾಗಿ ಗೆರೆಯನ್ನು ನಿಜವಾದ ಬಿಡುವಿಗಿಂತ ಕೆಳಗೆ ಎಳೆಯುವುದು ವಾಸಿ. ಎಷ್ಟು ಕೆಳಗೆ ಎಂಬುದು ನಿಮಗೆ ಎಷ್ಟು ಅಡಚಣೆ ಬರುತ್ತದೆ ಎಂಬುದರ ಮೇಲೆ ನಿಂತಿದೆ.

ತಾರೀಕೇ ಇಲ್ಲದವು, ತಾರೀಕು ಮೀರಿದವು

ಯಾವ ಗ್ರಾಫ್‌ನಲ್ಲೂ ಕಾಣದ ಒಂದು ರಾಶಿ ಉಳಿಯುತ್ತದೆ: 'ಯಾವಾಗಲಾದರೂ' ಎಂದು ಬರೆದಿಟ್ಟ, ತಾರೀಕಿಲ್ಲದ ಕೆಲಸಗಳು. ಅವನ್ನು ದಿನಗಳ ಮೇಲೆ ಹಂಚುವಂತಿಲ್ಲ, ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಅವಕ್ಕೆ ಜಾನ್ ಲಿಟ್ಲ್ ಎಂಬ ಸಂಶೋಧಕರು 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸರಳ ಸಂಬಂಧ ಒದಗುತ್ತದೆ. ಪಟ್ಟಿಯಲ್ಲಿ ಸರಾಸರಿ 120 ಕೆಲಸ ಇರುತ್ತವೆ, ದಿನಕ್ಕೆ ಸುಮಾರು 4 ಮುಗಿಯುತ್ತವೆ, ಅಷ್ಟೇ ಹೊಸತು ಸೇರುತ್ತವೆ ಎಂದರೆ, ಒಂದು ಕೆಲಸ ಪಟ್ಟಿಯಲ್ಲಿ ಸರಾಸರಿ 30 ದಿನ ಇರುತ್ತದೆ. 120ನ್ನು 4ರಿಂದ ಭಾಗಿಸಿದ್ದು, ಅಷ್ಟೇ. 'ಇವತ್ತು ಸೇರಿಸಿದ ಕೆಲಸ ಸುಮಾರು ಒಂದು ತಿಂಗಳು ಕಾಯಬಹುದು' ಎಂಬ ಒಂದು ಸಾಲನ್ನು ಆ್ಯಪ್ ಮೂಲೆಯಲ್ಲಿ ಬರೆದರೂ ಹೊಸದಕ್ಕೆ 'ಆಗಲಿ' ಅನ್ನುವ ಮುಂಚೆ ಕೈ ತಡೆಯುತ್ತದೆ.

ಗಡುವು ಮೀರಿದ ಕೆಲಸಗಳದ್ದು ಬೇರೆ ಕಥೆ. ಹಲವು ಆ್ಯಪ್‌ಗಳು ಅವನ್ನೆಲ್ಲ ಗುಡ್ಡೆ ಹಾಕಿ ಇವತ್ತಿನ ತಲೆಯ ಮೇಲೆ ಸುರಿಯುತ್ತವೆ. ಇವತ್ತಿನ ಕಂಬ ಪರದೆಯ ಮೇಲ್ತುದಿ ಮುಟ್ಟಿದರೆ ಉಳಿದ ದಿನಗಳ ಕಂಬಗಳು ಇರುವೆಯಷ್ಟಾಗಿ, ಗ್ರಾಫ್ ಇದ್ದೂ ಇಲ್ಲದಂತಾಗುತ್ತದೆ. ಬಾಕಿಯನ್ನು ಎಡಕ್ಕೆ ಬೇರೆ ಕಂಬವಾಗಿ ನಿಲ್ಲಿಸಿದರೆ ಮುಂದಿನ ದಿನಗಳ ಅಳತೆ ಕೆಡುವುದಿಲ್ಲ. ಎರಡು ಗೆರೆಯ ಲೆಕ್ಕದಲ್ಲಾದರೆ ಇನ್ನೂ ಸುಲಭ: ಬಾಕಿಯ ಗಂಟೆಗಳನ್ನು ಮೊದಲ ಸಾಲಿನ 'ಬೇಕು'ವಿಗೆ ಕೂಡಿಸಿ ಮುಂದುವರಿದರಾಯಿತು.

ನಿಮ್ಮ ಆ್ಯಪ್‌ನಲ್ಲಿ ಇದಾವುದೂ ಇಲ್ಲದಿದ್ದರೆ ಒಂದು ಸ್ಪ್ರೆಡ್‌ಶೀಟ್ ಸಾಕು. ಕೆಲಸದ ಹೆಸರು, ಗಡುವು, ಗಂಟೆ ಎಂದು ಮೂರು ಕಾಲಂ. ಗಡುವಿನ ಪ್ರಕಾರ ಸಾರ್ಟ್ ಮಾಡಿ. ನಾಲ್ಕನೇ ಕಾಲಂನಲ್ಲಿ ಗಂಟೆಗಳನ್ನು ಮೇಲಿನಿಂದ ಕೂಡಿಸುತ್ತಾ ಬನ್ನಿ. ಐದನೆಯದರಲ್ಲಿ ಇವತ್ತಿನಿಂದ ಆ ಗಡುವಿನವರೆಗೆ ಕೈಗೆ ಸಿಗುವ ಗಂಟೆ. ಒಂದೇ ದಿನದ ಗಡುವಿಗೆ ಎರಡು ಮೂರು ಸಾಲಿದ್ದರೆ ಕೊನೆಯ ಸಾಲನ್ನು ನೋಡಿ. ನಾಲ್ಕನೆಯದು ಐದನೆಯದಕ್ಕಿಂತ ದೊಡ್ಡದಾದ ಮೊದಲ ಸಾಲು ಸಿಕ್ಕಿದರೆ, ಆ ಸಾಲಿನವರಿಗೋ ಅದಕ್ಕಿಂತ ಮೇಲಿನ ಸಾಲುಗಳವರಲ್ಲಿ ಒಬ್ಬರಿಗೋ ಇವತ್ತೇ ಒಂದು ಫೋನ್ ಮಾಡಬೇಕು.